ಬೀಳದೆ ಹೋದ ಅಕ್ಷರಗಳು

ಕಳೆದ ತಿಂಗಳು ನರಸಿಂಹರಾಜಪುರದಲ್ಲಿ ಒಂದು ಮದುವೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಬ್ಯಾಗಿನ ಜಿಪ್ ಕಿತ್ತು ಬಂತು. ಪಕ್ಕದಲ್ಲೇ ಒಬ್ಬ ದರ್ಜಿಯ ಅಂಗಡಿ ಇತ್ತು. ಆತ ಸ್ಟೂಲು ಕೊಟ್ಟು, "ಕೂತ್ಕಳಿ ಅಕ್ಕ, ಈಗ ಮಾಡಿಕೊಡ್ತೀನಿ" ಎಂದು, ಮೊದಲು ತನ್ನ ಮೆಷಿನ್ನಿಗೆ ಎಣ್ಣೆ ಬಿಡತೊಡಗಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎನ್.ಆರ್.ಪುರದಲ್ಲಿ ಇರಲಿಲ್ಲ. ಹೊಲಿಗೆ ಮೆಷಿನ್ನಿಗೂ ಟೈಪ್‌ರೈಟರಿಗೂ ಬಿಡುವುದು ಒಂದೇ ಎಣ್ಣೆ. ಕಣ್ಣಲ್ಲಿ ನೀರು ಬಂದೇ ಬಿಟ್ಟಿತು. ದರ್ಜಿ ಗಾಬರಿಯಾಗಿ, "ಎಂತ ಆಯ್ತಕ್ಕ? ಬರೀ ಜಿಪ್ ಅಲ್ವಾ, ಹೊಸದು ಹಾಕುವ ಬಿಡಿ" ಅಂದ. ಜಿಪ್ಪಿಗೆ ಅಳುವ ಹೆಂಗಸನ್ನು ಅವನು ಹಿಂದೆ ನೋಡಿರಲಿಕ್ಕಿಲ್ಲ.

ನಾನು ಅತ್ತದ್ದು ಚನ್ನವೀರಪ್ಪ ಮೇಷ್ಟ್ರಿಗೆ. ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಶಾಲೆ ಇತ್ತು. ಬಾಳೆಹೊನ್ನೂರು ಕಡೆಯವರು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ತೋಳು ಮಡಚದ ಬಿಳಿ ಶರಟು. ನಾನು ಭಂಡಿಗಡಿಯವಳು. ಎಸೆಸೆಲ್ಸಿ ರಜೆಯಲ್ಲಿ ಅವರ ಹತ್ತಿರ ಕನ್ನಡ ಟೈಪಿಂಗ್ ಕಲಿತು, ಆಮೇಲೆ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಮತ್ತೆ ಅದೇ ಮೆಟ್ಟಿಲು ಹತ್ತಿ ಬಂದೆ. ಆಗ ಎರಡು ಸಾವಿರದ ಐದೋ ಆರೋ ಇರಬೇಕು. ಟೈಪ್‌ರೈಟರುಗಳು ಗೋಡೆಯ ಬದಿಗೆ ಗವಸು ಹೊದ್ದು ಕೂತಿದ್ದವು. ಮೇಷ್ಟ್ರು ಮೂರು ಕಂಪ್ಯೂಟರ್ ತರಿಸಿ, "ಇವುಗಳ ಜವಾಬ್ದಾರಿ ನಿಂದು, ಬೆರಳಿನ ಜವಾಬ್ದಾರಿ ನಂದು" ಎಂದು ನನ್ನನ್ನು ಅಲ್ಲಿ ನಿಲ್ಲಿಸಿಕೊಂಡರು.

ಬೆರಳಿನ ವಿಷಯದಲ್ಲಿ ಅವರದು ಕಟ್ಟುನಿಟ್ಟು. ಕೀಲಿಯನ್ನು ಒತ್ತಬಾರದು, ಹೊಡೆಯಬೇಕು. "ಕಾದ ಕಾವಲಿ ಮುಟ್ಟಿದ ಹಾಗೆ! ಮುಟ್ಟು, ತೆಗಿ! ಅಲ್ಲೇ ಕೂತ್ಕಂಡ್ರೆ ಸುಡ್ತದೆ ಮಾರಾಯ್ತಿ!" ಎಂದು ಬೆನ್ನ ಹಿಂದೆ ನಿಂತು ಕೂಗುತ್ತಿದ್ದರು. ಟೈಪ್‌ರೈಟರಿನಲ್ಲಿ ಬೆರಳು ಕೀಲಿಯ ಮೇಲೆ ತಡೆದರೆ ಮುಂದಿನ ಅಕ್ಷರದ ಕಡ್ಡಿ ಬಂದು ಇದಕ್ಕೆ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಈ ಪಾಠ. ಇನ್ನೊಂದು ನಿಯಮ, ಕಣ್ಣು ಎದುರಿನ ಪ್ರತಿಯ ಮೇಲೇ ಇರಬೇಕು. ಬೆರಳನ್ನೂ ನೋಡಬಾರದು, ಹೊಡೆದದ್ದನ್ನೂ ನೋಡಬಾರದು. ಹೊಡೆದದ್ದನ್ನು ತಿರುಗಿ ನೋಡುವವನು ತನ್ನ ಬೆರಳನ್ನು ನಂಬದವನು ಅಂತ ಅವರ ಸಿದ್ಧಾಂತ. ನಾನು ಕದ್ದು ನೋಡಿ ಗೆಣ್ಣಿನ ಮೇಲೆ ಸ್ಕೇಲಿನ ಏಟು ತಿಂದವಳು, ಈಗಲೂ ನೆನೆದರೆ ಉರಿಯುತ್ತದೆ.

ಪಾಠದ ಜೊತೆಗೆ ಅವರು ಕೊಪ್ಪದ ವಕೀಲರಿಗೆ ಕ್ರಯಪತ್ರ, ವಿಭಾಗಪತ್ರ ಟೈಪ್ ಮಾಡಿಕೊಡುತ್ತಿದ್ದರು. ಅವರು ಹೊಡೆದ ಪತ್ರವನ್ನು ಯಾರೂ ತಾಳೆ ನೋಡುತ್ತಿರಲಿಲ್ಲ. ಶೃಂಗೇರಿಯಿಂದ ಬರುವ ವಕೀಲರೂ, "ಮೇಷ್ಟ್ರು ಹೊಡೆದದ್ದಾ? ಹಾಗಾದ್ರೆ ಎಲ್ಲಿ ಸಹಿ ಹಾಕ್ಬೇಕು ಹೇಳಿ" ಎನ್ನುತ್ತಿದ್ದರು. ಊರಿಗೆ ಅವರ ಮೇಲೆ ಇದ್ದ ಗೌರವವೆಲ್ಲ ಆ ಒಂದು ಮಾತಿನಲ್ಲಿ ಇತ್ತು, ಮತ್ತು ಅದು ಅವರಿಗೂ ಗೊತ್ತಿತ್ತು.

ಮಾಮೂಲಿ ಕೀಬೋರ್ಡ್ ಅವರಿಗೆ ಹಿಡಿಸಲಿಲ್ಲ. ಟೈಪ್‌ರೈಟರಿನಲ್ಲಿ ಕನ್ನಡ ಅಕ್ಷರ ಎಲ್ಲೆಲ್ಲಿ ಇದೆಯೋ ಅಲ್ಲಲ್ಲೇ ಅಚ್ಚಾಗಿರುವ ಕೀಬೋರ್ಡ್ ಬೇಕು ಎಂದು ಹಟ ಹಿಡಿದು, ದಸರಾ ಹತ್ತಿರ ಬಂದಾಗ ಶಿವಮೊಗ್ಗದ ಪರಿಚಯದವರೊಬ್ಬರಿಂದ ಮೂರು ತರಿಸಿದರು. ಅದನ್ನು ಮಾಡಿದವರು ಯಾರೋ, ಎಲ್ಲಿಯವರೋ. ನಮ್ಮ ಕಂಪ್ಯೂಟರುಗಳಲ್ಲಿ ಇದ್ದದ್ದು ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಂ. ಕೀಬೋರ್ಡಿನ ಮಾತನ್ನು ಕಂಪ್ಯೂಟರಿಗೆ ಮುಟ್ಟಿಸಲು ಡ್ರೈವರ್ ಎಂಬ ಒಂದು ಸಣ್ಣ ಪ್ರೋಗ್ರಾಂ ಬೇಕು, ಆ ಕೀಬೋರ್ಡಿಗೆ ಬೇಕಾದದ್ದನ್ನೂ ಯಾರೋ ಪುಣ್ಯಾತ್ಮ ಬರೆದು ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದ. ಅದನ್ನು ಇಳಿಸಿಕೊಂಡು ಹಾಕಿದೆ. ಅಕ್ಷರಗಳು ಬಿದ್ದವು. ಮೇಷ್ಟ್ರು ಮೊದಲ ಸಲ ಕಂಪ್ಯೂಟರನ್ನು ನೋಡಿ ನಕ್ಕರು.

ತೊಂದರೆ ಕಣ್ಣಿಗೆ ಬಿದ್ದದ್ದು ಆಯುಧಪೂಜೆ ಕಳೆದ ಮೇಲೆ. ಅಲ್ಲೊಂದು ಇಲ್ಲೊಂದು ಅಕ್ಷರ ಬೀಳುತ್ತಿರಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಹೇಳತೊಡಗಿದರು. ಪೂಜೆಯ ದಿನ ಗಿರಿಜಕ್ಕ, ಅಂದರೆ ಮೇಷ್ಟ್ರ ಹೆಂಡತಿ, ಟೈಪ್‌ರೈಟರುಗಳಿಗೆ ಹಾಕಿದಷ್ಟೇ ಧಾರಾಳವಾಗಿ ಕೀಬೋರ್ಡುಗಳಿಗೂ ಅರಿಸಿನ ಕುಂಕುಮ ಹಾಕಿದ್ದರು. ನಾವೆಲ್ಲ ಕುಂಕುಮದ ಮೇಲೇ ಗೂಬೆ ಕೂರಿಸಿದೆವು. ನಾನು ಕೀಲಿಗಳನ್ನೆಲ್ಲ ಕಿತ್ತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಂದಿಗೊಂದಿ ಉಜ್ಜಿ, ಪುನಃ ಕೂರಿಸಿದೆ. ಗಿರಿಜಕ್ಕ ಪಾಪ, "ಇನ್ನು ಮೇಲೆ ಬರೀ ಹೂ ಇಡ್ತೀನಿ ಮಗಾ" ಎಂದು ತಪ್ಪು ಮಾಡಿದವರ ಹಾಗೆ ನಿಂತಿದ್ದರು. ಕುಂಕುಮ ಹೋಯಿತು, ತೊಂದರೆ ಹೋಗಲಿಲ್ಲ.

ಅಷ್ಟರಲ್ಲಿ ಆಗಬಾರದ್ದು ಆಯಿತು. ಬಸರೀಕಟ್ಟೆಯ ಕಡೆಯ ಒಂದು ಜಾಗದ ಕ್ರಯಪತ್ರದಲ್ಲಿ ಸರ್ವೆ ನಂಬರಿನ ಒಂದು ಅಂಕೆ ಬಿಟ್ಟುಹೋಗಿತ್ತು. ಮೇಷ್ಟ್ರು ತಿರುಗಿ ನೋಡುವವರಲ್ಲ, ವಕೀಲರಿಗೆ ಮೇಷ್ಟ್ರ ಪತ್ರ ಓದುವ ಅಭ್ಯಾಸವಿಲ್ಲ. ನೋಂದಣಿಯ ಹೊತ್ತಿಗೆ ಅದು ಕಣ್ಣಿಗೆ ಬಿದ್ದು, ಬಂದ ಎರಡೂ ಕಡೆಯವರು ರೇಗಿಕೊಂಡು ಜೀಪು ಹತ್ತಿ ವಾಪಸು ಹೋದರು. ವಕೀಲರು ಪತ್ರ ಹಿಡಿದು ಮಹಡಿ ಹತ್ತಿ ಬಂದರು. ಮೇಷ್ಟ್ರು, "ನಾನು ಹೊಡೆದಿದ್ದೀನಿ ಸ್ವಾಮಿ, ಈ ಮೆಷಿನ್ ನುಂಗಿದೆ" ಅಂದರು. ವಕೀಲರು ಎಲ್ಲ ಮಕ್ಕಳ ಎದುರಿಗೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವಯಸ್ಸಾಯ್ತು ಮೇಷ್ಟ್ರೇ, ಒಪ್ಕಳಿ" ಎಂದು ನಗುತ್ತಲೇ ಅಂದು ಇಳಿದು ಹೋದರು. ನಗುತ್ತ ಹೇಳಿದ್ದಕ್ಕೆ ಎದುರು ಮಾತಾಡುವುದು ಹೇಗೆ? ಮೇಷ್ಟ್ರು ಗೋಡೆಯ ಕಡೆ ತಿರುಗಿ, ಏನೂ ಆಗದವರಂತೆ ಟೈಪ್‌ರೈಟರಿನ ಗವಸು ಸರಿಮಾಡತೊಡಗಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವರು ನನ್ನ ಹತ್ತಿರ ಬಂದು ಕೂತರು.

"ಸುಮಾ, ನಂಗೆ ಸಮಾಧಾನ ಬೇಡ. ಮೆಷಿನ್ನಿನ ತಪ್ಪಾ, ನನ್ನ ಕೈಯದಾ? ಅಷ್ಟು ಹೇಳು ಸಾಕು."

"ಕೈಯದಂತೆ! ಎಂತ ಮಾತು ಸಾರ್? ಆ ಲಾಯರಿಗೆ ಬೇರೆ ಕೆಲಸ ಇಲ್ಲ. ಬೇಕಾದ್ರೆ ಹಳೇ ಟೈಪ್‌ರೈಟರಿನಲ್ಲಿ ಒಂದು ಪುಟ ಹೊಡೀರಿ, ಅವರ ಮುಖಕ್ಕೆ ಹಿಡಿದು ಬರ್ತೀನಿ."

ಅವರು ಗೋಡೆಯ ಕಡೆ ನೋಡಿದರು. "ರಿಬ್ಬನ್ ಒಣಗಿದೆ. ನೋಡುವ" ಅಂದರು. ಆಗ ಅದು ಬರೀ ರಿಬ್ಬನ್ನಿನ ಮಾತು ಅಂದುಕೊಂಡೆ.

ಆ ಚಳಿಗಾಲವಿಡೀ ನಾನು ಅಕ್ಷರಗಳ ಹಿಂದೆ ಬಿದ್ದೆ. ಅಡಿಕೆ ಕೊಯ್ಲಿನ ಕಾಲ. ಮನೆಯಲ್ಲಿ ಸುಲಿಯುವ ಕೆಲಸವಿದ್ದ ಹುಡುಗಿಯರು ಬೆರಳ ತುದಿ ಕಪ್ಪು ಮಾಡಿಕೊಂಡು ತಡವಾಗಿ ಬರುತ್ತಿದ್ದರು. ನಾನು ಒಬ್ಬೊಬ್ಬರನ್ನೂ ಕೂರಿಸಿ ಒಂದೇ ಪುಟ ಹೊಡೆಸಿ ನೋಡಿದೆ. ಒಂದು ವಿಚಿತ್ರ ಕಂಡಿತು. ಕಂಪ್ಯೂಟರ್ ಕಲಿಯಲು ನೇರವಾಗಿ ಬಂದ, ಎರಡು ಬೆರಳಲ್ಲಿ ಹುಡುಕಿ ಹುಡುಕಿ ಒತ್ತುವವರ ಒಂದು ಅಕ್ಷರವೂ ಹೋಗುತ್ತಿರಲಿಲ್ಲ. ಮೇಷ್ಟ್ರ ಹತ್ತಿರ ಚೆನ್ನಾಗಿ ಕಲಿತವರ ಅಕ್ಷರಗಳೇ ಹೋಗುತ್ತಿದ್ದವು. ನನ್ನದಂತೂ ಎಲ್ಲರಿಗಿಂತ ಜಾಸ್ತಿ! ನಾನು ಬೇಕೆಂದೇ ಕೀಲಿಯ ಮೇಲೆ ಬೆರಳು ಊರಿ ನಿಧಾನ ಒತ್ತಿದರೆ ಎಲ್ಲ ಬೀಳುತ್ತದೆ. ಕಾದ ಕಾವಲಿ ಮುಟ್ಟಿದ ಹಾಗೆ ಹೊಡೆದರೆ ನಡುನಡುವೆ ಮಾಯ. ಅಂದರೆ ಮೇಷ್ಟ್ರು ಕಲಿಸಿದ್ದು ಸರಿಯಾಗಿದ್ದಷ್ಟೂ ಮೆಷಿನ್ ಅದನ್ನು ನುಂಗುತ್ತಿತ್ತು.

ನಮ್ಮ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಒಂದು ಗುಣವಿತ್ತು. ಅದರ ಒಳಗೆ ಬರೆದದ್ದನ್ನೆಲ್ಲ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆ ಡ್ರೈವರನ್ನು ಬಿಚ್ಚಿ ಓದತೊಡಗಿದೆ. ಅರ್ಧ ಅರ್ಥವಾಗಲಿಲ್ಲ. ಟೆಲಿಫೋನ್ ತಂತಿಯ ಇಂಟರ್ನೆಟ್, ಒಂದು ಪುಟ ಬರುವಷ್ಟರಲ್ಲಿ ಕರೆಂಟೇ ಹೋಗುತ್ತಿತ್ತು. ತಿದ್ದಿ ಹಾಕಿದರೆ ಕಂಪ್ಯೂಟರ್ ಏಳುತ್ತಲೇ ಇರಲಿಲ್ಲ. ನನ್ನ ಬಾಯಿ ಒಳ್ಳೆಯದಲ್ಲ, ಮೆಷಿನ್ನಿಗೆ ಬೈಯುತ್ತ ಕೂತರೆ ಕೆಳಗಿನ ಔಷಧಿ ಅಂಗಡಿಯವರು, "ಮೇಲೆ ಯಾರಿಗೆ ಪೂಜೆ?" ಎಂದು ಕೇಳುತ್ತಿದ್ದರು. ಮೇಷ್ಟ್ರು ದಿನಾ ಸಂಜೆ, ಕೇಳಿಯೂ ಕೇಳದ ಹಾಗೆ, "ಎಲ್ಲಿಗೆ ಬಂತು?" ಎನ್ನುತ್ತಿದ್ದರು. ವಕೀಲರು ಪತ್ರ ತರುವುದು ಕಡಿಮೆಯಾಗಿತ್ತು. ತಂದವರೂ ಈಗ ಅಲ್ಲೇ ನಿಂತು, ಸಾಲಿನ ಮೇಲೆ ಬೆರಳಿಟ್ಟು ಓದಿಯೇ ಒಯ್ಯುತ್ತಿದ್ದರು. ಅದನ್ನು ನೋಡಲಾರದೆ ಮೇಷ್ಟ್ರು ಆ ಹೊತ್ತಿಗೆ ಸರಿಯಾಗಿ ಕಾಫಿಗೆ ಇಳಿದುಹೋಗುತ್ತಿದ್ದರು.

ಕೊನೆಗೂ ಸಿಕ್ಕಿತು. ನಾವು ಕೀಲಿ ಹೊಡೆದಾಗ ಕೀಬೋರ್ಡು ಎರಡು ಸಲ ಸುದ್ದಿ ಕಳಿಸುತ್ತದೆ. ಒತ್ತಿದರು ಅಂತ ಒಂದು, ಬಿಟ್ಟರು ಅಂತ ಒಂದು. ಡ್ರೈವರ್ ಬರೆದ ಪುಣ್ಯಾತ್ಮ ಬಂದ ಸುದ್ದಿ ಇಡಲು ಒಂದೇ ಒಂದು ಜಾಗ ಮಾಡಿದ್ದ. ಕಂಪ್ಯೂಟರ್ ಬಂದು ಮೊದಲ ಸುದ್ದಿ ತೆಗೆದುಕೊಳ್ಳುವುದರೊಳಗೆ ಎರಡನೆಯದು ಬಂದರೆ ಮೊದಲಿನದು ಅಳಿಸಿಹೋಗುತ್ತಿತ್ತು. ನಿಧಾನ ಒತ್ತುವವರಿಗೆ ಇದರ ಬಾಧೆ ಇಲ್ಲ. ಮುಟ್ಟಿ ತೆಗೆಯುವ ಬೆರಳಿಗೆ ಮಾತ್ರ ಈ ಅನ್ಯಾಯ.

ಹೇಳಿದಾಗ ಮೇಷ್ಟ್ರು ತಕ್ಷಣ ಅರ್ಥ ಹಿಡಿದರು. "ಹಾಗಾದ್ರೆ ಕಚೇರಿಯಲ್ಲಿ ಒಂದೇ ಕುರ್ಚಿ ಇಟ್ಟಿದ್ದಾನೆ ಅನ್ನು. ಎರಡನೆಯವ ಬಂದ ಅಂದ್ರೆ ಮೊದಲಿನವ ಎದ್ದು ಮನೆಗೆ!"

"ಹಂಗೇ ಸಾರ್. ಬೆಂಚು ಹಾಕ್ಬೇಕು ಈಗ. ಬಂದವರೆಲ್ಲ ಸಾಲಾಗಿ ಕೂರ್ಬೇಕು."

"ಅಂದ್ರೆ ತಪ್ಪು ಮೆಷಿನ್ನಿಂದೇ?"

"ಮೆಷಿನ್ನಿಂದೇ! ನೆಲ ನಿಜವಾಗ್ಲೂ ಡೊಂಕು ಸಾರ್!"

ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಎದ್ದು ನಿಂತು ಶರಟಿನ ತೋಳು ಎಳೆದು ನೇರ ಮಾಡಿಕೊಂಡರು, ಕಿಟಕಿಯ ಹತ್ತಿರ ಹೋಗಿ ಕೆಳಗೆ ಹೊರಡುತ್ತಿದ್ದ ಬಸ್ಸನ್ನು ಸುಮ್ಮನೆ ನೋಡಿದರು, ಪುನಃ ಬಂದು ಕೂತರು. "ಅವಳಿಗೆ ಹೇಳ್ಬೇಕು" ಅಂದರು, ಗಿರಿಜಕ್ಕನನ್ನು ನೆನೆದು. ನನಗೆ ಆ ದಿನ ಕೊಪ್ಪಕ್ಕೇ ನಾನು ದೊರೆ ಅನ್ನಿಸಿತ್ತು.

ಬೆಂಚು ಹಾಕಲು ಇನ್ನಷ್ಟು ದಿನ ಹಿಡಿಯಿತು. ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಕೆಲಸ ಮುಗಿಯಿತು. ಯಾರಿಗೂ ಅನುಮಾನ ಉಳಿಯದಿರಲಿ ಅಂತ, ಬಂದ ಪ್ರತಿಯೊಂದು ಸುದ್ದಿಯೂ ಪರದೆಯ ಮೂಲೆಯಲ್ಲಿ ಕಾಣುವ ಹಾಗೂ ಮಾಡಿದ್ದೆ. ನಾನು ಹೊಡೆದು ನೋಡಿದೆ. ಎಷ್ಟು ವೇಗವಾಗಿ ಹೊಡೆದರೂ ಒಂದು ಅಕ್ಷರ ಹೋಗಲಿಲ್ಲ. ಹಿರಿಯ ಹುಡುಗಿಯರು ಹೊಡೆದರು, ಹೋಗಲಿಲ್ಲ. ಮೇಷ್ಟ್ರು ಮಾತ್ರ, "ಬೆಳಿಗ್ಗೆ ಸ್ನಾನ ಮಾಡಿ ಬಂದು ಕೂರ್ತೀನಿ" ಎಂದು ಹೊರಟುಬಿಟ್ಟರು. ಮನೆಯಲ್ಲಿ ಗಿರಿಜಕ್ಕನಿಗೆ, ನಾಳೆ ಮೆಷಿನ್ ಸರಿಯಾಗ್ತದೆ, ಮಕ್ಕಳಿಗೆಲ್ಲ ಏನಾದರೂ ಸಿಹಿ ಮಾಡಿ ತಾ ಅಂದಿದ್ದರಂತೆ.

ಬೆಳಿಗ್ಗೆ ಮೊದಲ ತರಗತಿಗೆ ಮುಂಚೆಯೇ ಬಂದರು. ವಿಭೂತಿ ಇನ್ನೂ ಹಸಿಯಿತ್ತು. ಕುರ್ಚಿ ಎಳೆದುಕೊಂಡು, ಅಭ್ಯಾಸದ ಪುಸ್ತಕದಿಂದ ಒಂದು ವ್ಯವಹಾರ ಪತ್ರವನ್ನು ಎದುರಿಗೆ ಇಟ್ಟುಕೊಂಡು, ಕಣ್ಣನ್ನು ಅದರ ಮೇಲೆ ನೆಟ್ಟು ಹೊಡೆಯತೊಡಗಿದರು. ನಾನು ಪಕ್ಕದಲ್ಲಿ ನಿಂತು ಪರದೆ ನೋಡುತ್ತಿದ್ದೆ.

ಅಕ್ಷರಗಳು ಬೀಳುತ್ತಿರಲಿಲ್ಲ.

ಎಲ್ಲವೂ ಅಲ್ಲ. ಮೊದಲು ಡ್ರೈವರ್ ನುಂಗುತ್ತಿದ್ದಾಗ ಎಲ್ಲಿಂದ ಬೇಕಾದರಲ್ಲಿಂದ ಹೋಗುತ್ತಿದ್ದವು. ಈಗ ಹೋಗುತ್ತಿದ್ದದ್ದು ಎಡಗೈಯ ಕಿರುಬೆರಳು ಮತ್ತು ಉಂಗುರದ ಬೆರಳು ಹೊಡೆಯಬೇಕಾದವು ಮಾತ್ರ. ಯಾವ ಕೀಲಿ ಯಾವ ಬೆರಳಿನದು ಅಂತ ಅವರೇ ನನಗೆ ಕಲಿಸಿದ್ದು, ಮರೆಯುವುದು ಹೇಗೆ? ಮೂಲೆಯಲ್ಲಿ ಸುದ್ದಿಗಳ ಸಾಲು ನೋಡಿದೆ. ಆ ಕೀಲಿಗಳಿಂದ ಸುದ್ದಿಯೇ ಬಂದಿರಲಿಲ್ಲ. ಆಮೇಲೆ ಅವರ ಕೈ ನೋಡಿದೆ. ಆ ಎರಡು ಬೆರಳು ಎದ್ದು, ಕೀಲಿಯ ಮೇಲೆ ಬಂದು, ಅದನ್ನು ಅದುಮುವ ಶಕ್ತಿ ಇಲ್ಲದೆ ಹಾಗೇ ವಾಪಸು ಹೋಗುತ್ತಿದ್ದವು. ಉಳಿದ ಎಂಟು ಬೆರಳು ಏನೂ ಗೊತ್ತಿಲ್ಲದೆ ಚಕಚಕ ಹೊಡೆಯುತ್ತಿದ್ದವು.

ಅವರು ಪತ್ರ ಮುಗಿಸಿ ಕೈ ತೊಡೆಯ ಮೇಲೆ ಇಟ್ಟುಕೊಂಡರು. "ಎಂತ? ಎಲ್ಲಾ ಬಿತ್ತಾ?"

ನಾನು ಸುಮ್ಮನೆ ನಿಂತಿದ್ದೆ. ನಾನು ಸುಮ್ಮನಿರುವವಳೇ ಅಲ್ಲ, ಅವರಿಗೆ ಅಷ್ಟೇ ಸಾಕಾಯಿತು. ಆಗ ಮೇಷ್ಟ್ರು, ನಾನು ಕಂಡ ಹಾಗೆ ಮೊದಲ ಸಲ, ತಾವು ಹೊಡೆದದ್ದನ್ನು ತಿರುಗಿ ನೋಡಿದರು. ಪೂರಾ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ನನಗಿಂತ ಬೇಗ ಅವರಿಗೆ ಗೊತ್ತಾಯಿತು. ಎಡಗೈಯನ್ನು ಬಲಗೈಯಿಂದ ಹಿಡಿದು, ಆ ಎರಡು ಬೆರಳನ್ನು ಮೆಲ್ಲಗೆ ನೀವಿದರು.

ಮೆಟ್ಟಿಲಲ್ಲಿ ಗಿರಿಜಕ್ಕನ ಬಳೆ ಸದ್ದು, ಡಬ್ಬಿ ತಾಗಿದ ಸದ್ದು ಕೇಳಿಸಿತು.

"ಹಳೇದು ಹಾಕು" ಅಂದರು ಮೇಷ್ಟ್ರು.

"ಎಂತ ಸಾರ್?"

"ಆ ಹಳೇ ಡ್ರೈವರ್. ಉಂಟಲ್ಲ ನಿನ್ನ ಹತ್ರ? ಹಾಕಿಡು. ಅವಳು ಬಂದ್ಲು."

ಗಿರಿಜಕ್ಕ ಏದುಸಿರು ಬಿಡುತ್ತ ಒಳಗೆ ಬಂದು, ಕೇಸರಿಬಾತಿನ ಡಬ್ಬಿ ಮೇಜಿನ ಮೇಲಿಟ್ಟು, "ಆಯ್ತಾ? ಸರಿಯಾಯ್ತಾ?" ಎಂದು ಕೇಳಿದರು. ನಾನು ಪರದೆ ಆರಿಸಿದ್ದೆ. ಮೇಷ್ಟ್ರು ನಗುನಗುತ್ತ, "ಎಲ್ಲಿಂದ ಸರಿಯಾಗ್ತದೆ ಮಾರಾಯ್ತಿ? ಇವಳಿಗೂ ಬಗ್ಗಲ್ಲ ಈ ದರಿದ್ರ ಮೆಷಿನ್. ನೀನು ಮಕ್ಕಳಿಗೆ ಕೊಡು, ಮಾಡಿದ್ದು ಹಾಳಾಗ್ಬಾರ್ದು" ಅಂದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಸಂಜೆ ಇಬ್ಬರೇ ಇದ್ದಾಗ ಅವರೇ ಮಾತು ತೆಗೆದರು.

"ದಸರಾದ ಮುಂಚೆ ಒಂದಿನ ಹಳೇ ಮೆಷಿನ್ನಿನಲ್ಲಿ ಹೊಡೆದಿದ್ದೆ. ಆ ಬೆರಳಿನವು ಮಸುಕಾಗಿ ಬಿದ್ದಿದ್ವು. ರಿಬ್ಬನ್ ಒಣಗಿದೆ ಅಂದ್ಕಂಡೆ."

"ನಂಗೆ ಹೇಳ್ಬಾರ್ದಿತ್ತಾ ಸಾರ್?"

"ಎಂತ ಹೇಳೂದು? ನೀನು ಮೆಷಿನ್ನಿನ ತಪ್ಪು ಹಿಡಿದ್ಯಲ್ಲ, ಆವಾಗ ಜೀವ ಬಂದಿತ್ತು. ತಪ್ಪು ಒಂದೇ ಕಡೆ ಇರ್ತದೆ ಅಂದ್ಕಂಡಿದ್ದೆ ನಾನು. ಅಲ್ಲೂ ಉಂಟು, ಇಲ್ಲೂ ಉಂಟು ಅಂತ ಯಾರಿಗೆ ಗೊತ್ತು?" ಎಡಗೈಯನ್ನು ತಿರುಗಿಸಿ ನೋಡಿಕೊಂಡು, "ಅವಳಿಗೆ ಈಗ್ಲೇ ಬೇಡ. ಈ ಕೈ ನೋಡಿಯೇ ನನ್ನ ಮದ್ವೆ ಆದವಳು ಅವಳು. ಅವಳಪ್ಪ ನನ್ನ ಹತ್ರ ಒಂದು ಅರ್ಜಿ ಹೊಡೆಸ್ಲಿಕ್ಕೆ ಬಂದವರು ಸಂಬಂಧ ಪಕ್ಕಾ ಮಾಡಿ ಹೋದ್ರು" ಎಂದು ನಕ್ಕರು.

ಉಳಿದೆರಡು ಕಂಪ್ಯೂಟರಿನಲ್ಲಿ ತಿದ್ದಿದ್ದನ್ನು ಹಾಗೇ ಬಿಟ್ಟೆ. ಮೇಷ್ಟ್ರ ಮೆಷಿನ್ನಿಗೆ ಮಾತ್ರ ಹಳೆಯ ಕೆಟ್ಟ ಡ್ರೈವರನ್ನೇ ವಾಪಸು ಹಾಕಿದೆ. ಅದೊಂದರಲ್ಲಿ ಮಾತ್ರ ತಿದ್ದುಪಡಿ ನಿಲ್ಲುತ್ತಿಲ್ಲ ಎಂದು ಹುಡುಗಿಯರಿಗೆ ಹೇಳಿದೆ. ಕೆಟ್ಟದ್ದನ್ನು ಹುಡುಕಿ, ಚಳಿಗಾಲವೆಲ್ಲ ಕೂತು ಸರಿಮಾಡಿ, ಕೊನೆಗೆ ನನ್ನ ಕೈಯಾರೆ ಅದನ್ನೇ ತಂದು ಕೂರಿಸಿದೆ. ತಿದ್ದುಪಡಿಯನ್ನು ಡ್ರೈವರ್ ಬರೆದಾತನಿಗೂ ಕಳಿಸಿದ್ದೆ. ಬಹಳ ಉಪಕಾರವಾಯಿತು, ಎಲ್ಲರಿಗೂ ಹಂಚುತ್ತೇನೆ ಅಂತ ಉತ್ತರ ಬಂತು. ಆ ಕೀಬೋರ್ಡು ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಅಕ್ಷರಗಳು ಸರಿಯಾಗಿ ಬಿದ್ದಿರಬೇಕು.

ಬೇಸಿಗೆಯಿಡೀ ಮೇಷ್ಟ್ರು ಆ ಮೆಷಿನ್ನಿನಲ್ಲೇ ಕೂತರು. ಅಕ್ಷರ ಬೀಳದಿದ್ದರೆ ಎಲ್ಲರಿಗೂ ಕೇಳುವ ಹಾಗೆ ಅದನ್ನು ಬೈಯುತ್ತಿದ್ದರು. ಅಲ್ಲಿ ಕೂತ ಹುಡುಗಿಯರ ಅಕ್ಷರಗಳೂ ಹೋಗುತ್ತಿದ್ದರಿಂದ ಅವರೂ ಸೇರಿಕೊಂಡು ಬೈಯುತ್ತಿದ್ದರು. ಮೇಷ್ಟ್ರು ಹೊಡೆದ ಪತ್ರಗಳನ್ನು ನಾನು ಕೂತು ಓದಿ, ಬಿಟ್ಟುಹೋದದ್ದನ್ನು ತುಂಬಿ ವಕೀಲರಿಗೆ ಕೊಡುತ್ತಿದ್ದೆ. ಯಾವುದು ಡ್ರೈವರ್ ನುಂಗಿದ್ದು, ಯಾವುದು ಬೆರಳು ಬಿಟ್ಟದ್ದು ಎಂದು ನನಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಬೆರಳು ಬಿಟ್ಟದ್ದು ವಾರವಾರಕ್ಕೆ ಜಾಸ್ತಿಯಾಗುತ್ತಿತ್ತು. ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿಯತೊಡಗಿದರು. ಒಂದು ಬೆಳಿಗ್ಗೆ ಶರಟಿನ ಮೇಲಿನ ಗುಂಡಿ ಹಾಕದೇ ಬಂದಿದ್ದರು, ನಾನೇ ಹಾಕಿದೆ.

ಮಳೆ ಹಿಡಿಯುವ ಹೊತ್ತಿಗೆ ಮುಚ್ಚಿಡುವಂಥದ್ದು ಏನೂ ಉಳಿಯಲಿಲ್ಲ. ಬಲಗೈಯೂ ಸೋತಿತು, ಆಮೇಲೆ ಕಾಲು. ಮಂಗಳೂರಿನ ಡಾಕ್ಟರು ನರದ ಕಾಯಿಲೆ, ಇದಕ್ಕೆ ಮದ್ದಿಲ್ಲ ಎಂದು ಕೈ ಚೆಲ್ಲಿದರು. ಮಹಡಿ ಹತ್ತುವುದು ನಿಂತಿತು. ಮುಂದಿನ ಆಯುಧಪೂಜೆಗೆ ಮೇಷ್ಟ್ರು ಇರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಗಿರಿಜಕ್ಕನ ಮನೆಗೆ ಹೋದೆ. ಶಾಲೆ ಮುಚ್ಚುವುದೆಂದು ಆಗಿತ್ತು. ಅವರು ನನ್ನನ್ನು ಅಡಿಗೆಮನೆಯಲ್ಲೇ ಕೂರಿಸಿ ಕಾಫಿ ಕೊಟ್ಟರು. ಸ್ವಲ್ಪ ಹೊತ್ತು ಆ ಕಥೆ ಈ ಕಥೆ ಆಯಿತು. ಆಮೇಲೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೇಳಿದರು.

"ಒಂದು ಮಾತು ಕೇಳ್ಲಾ ಸುಮಾ? ಬೇಜಾರು ಮಾಡ್ಕಬೇಡ."

"ಕೇಳಿ ಅಕ್ಕ."

"ಕಾಯಿಲೆ ಬಂದದ್ದು ಆಮೇಲೆ, ಅದು ಹಣೆಬರಹ. ಆದ್ರೆ ಕೈ ಚೆನ್ನಾಗಿದ್ದಾಗ್ಲೇ ಆ ಮೆಷಿನ್ ಅವರ ಹೆಸರು ಕೆಡಿಸ್ತಲ್ಲ, ಅದೇ ನಂಗೆ ಸಂಕಟ. ಊರವರ ಹತ್ರ ಮಾತು ಕೇಳ್ಬೇಕಾಯ್ತು. ನೀನು ಅಷ್ಟೆಲ್ಲ ಓದಿದವಳು. ಅದೊಂದನ್ನ ಸರಿ ಮಾಡ್ಲಿಕ್ಕೆ ನಿಂಗೆ ಆಗ್ಲೇ ಇಲ್ವಾ ಮಗಾ?"

ನಾನು ಲೋಟ ಕೆಳಗಿಟ್ಟೆ.

"ಇಲ್ಲ ಅಕ್ಕ" ಅಂದೆ. "ನನ್ನ ಕೈಲಿ ಆಗ್ಲಿಲ್ಲ."

ಗಿರಿಜಕ್ಕ ನನ್ನ ಮುಖವನ್ನೇ ನೋಡುತ್ತ ಕೂತರು. ಆಮೇಲೆ ಹತ್ತಿರ ಸರಿದು ನನ್ನ ತಲೆ ಸವರಿದರು.

"ಹೋಗ್ಲಿ ಬಿಡು, ಅಳ್ಬೇಡ. ಅವರು ನಿನ್ನ ಒಂದಿನಾನೂ ಬೈಲಿಲ್ಲ, ಗೊತ್ತುಂಟಾ? ಕಡೇ ತನಕ, ಪಾಪದ ಹುಡುಗಿ, ನಂಗೋಸ್ಕರ ಎಷ್ಟು ಒದ್ದಾಡಿದ್ಲು ಅಂತಲೇ ಹೇಳ್ತಿದ್ರು."